ಹಳೇಬೀಡಿನ ಆನೆ ಮತ್ತು ಎಂ-ತ್ರೀ ಪೇಪರು

ಎಂಜಿನಿಯರಿಂಗ್ ಹುಡುಗರಿಗೆ ಗಣಿತ ಹೇಳಿಕೊಡುವವನು ನಗದೆ ಮನೆಗೆ ಹೋಗುವ ದಿನ ಅಪರೂಪ. ಬೋರ್ಡಿನ ಮೇಲೆ ಎಷ್ಟೇ ಗಂಭೀರವಾಗಿ ಬರೆದರೂ ಬೆಂಚಿನ ಕಡೆಯಿಂದ ಏನಾದರೊಂದು ಬಂದೇ ಬರುತ್ತದೆ. ಅರಸೀಕೆರೆ ಹೊರಗಿನ ಒಂದು ಕಾಲೇಜಿನಲ್ಲಿ ನಾನು ಮೂರನೇ ಸೆಮಿಸ್ಟರಿನ ಗಣಿತ ತಗೊಳ್ಳುತ್ತೇನೆ. ಹುಡುಗರ ಬಾಯಲ್ಲಿ ಅದು ಎಂ-ತ್ರೀ. ದೆವ್ವದ ಹೆಸರು ಹೇಳುವವರ ಹಾಗೆ ಮೆಲ್ಲಗೆ ಹೇಳುತ್ತಾರೆ.

ಆನೆ ಸಾಲು

ಫೋರಿಯರ್ ಸೀರೀಸ್ ಶುರು ಮಾಡುವ ಮುಂಚೆ, ಒಂದೇ ಆಕಾರ ಮತ್ತೆ ಮತ್ತೆ ಬರುವುದು ಅಂದರೇನು ಅಂತ ಕಣ್ಣಾರೆ ತೋರಿಸೋಣ ಅನ್ನಿಸಿತು. ಕ್ಲಾಸನ್ನೆಲ್ಲ ಹಳೇಬೀಡಿಗೆ ಕರೆದುಕೊಂಡು ಹೋದೆ. ದೇವಸ್ಥಾನದ ಗೋಡೆಯ ಬುಡದಲ್ಲಿ ಸುತ್ತಲೂ ಆನೆಗಳ ಸಾಲು.

"ನೋಡಿ, ಆನೆ, ಆನೆ, ಮತ್ತೆ ಆನೆ. ಇದೇ ಪೀರಿಯಾಡಿಕ್ ಫಂಕ್ಷನ್. ಒಂದು ಆನೆ ಗೊತ್ತಾದರೆ ಇಡೀ ಸಾಲು ಗೊತ್ತಾದ ಹಾಗೆ," ಅಂದೆ.

ಪಕ್ಕದಲ್ಲಿ ಬೇರೆ ಗುಂಪಿಗೆ ವಿವರಿಸುತ್ತಿದ್ದ ಗೈಡು ಆಗಲೇ ದನಿ ಎತ್ತಬೇಕೇ! "ಗಮನಿಸಿ, ಇಷ್ಟೊಂದು ಆನೆಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ!"

ಹುಡುಗರು ಆನೆ ನೋಡುವುದು ಬಿಟ್ಟು ನನ್ನನ್ನು ನೋಡಿದರು.

ಟೆಸ್ಟಿನಲ್ಲಿ ಪೀರಿಯಾಡಿಕ್ ಫಂಕ್ಷನ್ನಿಗೆ ಒಂದು ಉದಾಹರಣೆ ಕೇಳಿದ್ದೆ. ಬೇಲೂರಿನ ಹುಡುಗನೊಬ್ಬ ಬರೆದಿದ್ದ: "ಸೈನ್ ಎಕ್ಸ್. ಹಳೇಬೀಡಿನ ಆನೆ ಅಲ್ಲ. ಬೇಲೂರಿನದು ಇನ್ನೂ ಪರೀಕ್ಷಿಸಿಲ್ಲ."

ಪೂರ್ತಿ ಮಾರ್ಕ್ಸ್ ಕೊಟ್ಟೆ.

ದಾರಿ ಬಿಡದವರು

ಐಗನ್ ವೆಕ್ಟರ್ ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. "ಮ್ಯಾಟ್ರಿಕ್ಸು ಉಳಿದ ವೆಕ್ಟರುಗಳನ್ನೆಲ್ಲ ಆಕಡೆ ಈಕಡೆ ತಿರುಗಿಸಿಬಿಡುತ್ತೆ. ಇದು ಮಾತ್ರ ತನ್ನ ಗೆರೆ ಬಿಡಲ್ಲ. ಉದ್ದ ಅಷ್ಟೇ ಹೆಚ್ಚುಕಮ್ಮಿ ಆಗೋದು," ಅಂದೆ.

ಮುಂದಿನ ಬೆಂಚಿನ ಹುಡುಗಿಯ ಮುಖ ಅರಳಿತು. "ನಮ್ಮ ಅಜ್ಜಿ ಸರ್! ಯಾರು ಏನೇ ಹೇಳಿದ್ರೂ ಅವರ ದಾರಿ ಅವರದೇ. ಕೋಪ ಮಾತ್ರ ಜಾಸ್ತಿ ಆಗುತ್ತೆ."

"ಎಷ್ಟು ಪಟ್ಟು ಜಾಸ್ತಿ ಆಗುತ್ತೋ ಅದೇ ಐಗನ್ ವ್ಯಾಲ್ಯೂ," ಅಂದೆ. ಇಡೀ ಕ್ಲಾಸಿಗೆ ಅರ್ಥವಾಗಿಹೋಯಿತು.

ಮುಂದಿನ ವಾರ ಅವಳೇ ಬಂದು ಹೇಳಿದಳು: "ಅಜ್ಜಿಗೂ ವಿವರಿಸಿದೆ ಸರ್. ನಿಮ್ಮನ್ನ ಒಂದ್ಸಲ ನೋಡಬೇಕಂತೆ."

ನಾನಿನ್ನೂ ಆ ಕಡೆ ಹೋಗಿಲ್ಲ.

ಲಾಸ್ಟ್ ಸ್ಟಾಪು

ಜಾವಗಲ್ ಕಡೆಯ ಇನ್ನೊಬ್ಬ ಹುಡುಗಿ ಬೇರೆಲ್ಲದರಲ್ಲೂ ಚುರುಕು, ಗಣಿತ ಅಂದರೆ ಮಾತ್ರ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಎಂ-ತ್ರೀ ಪದೇ ಪದೇ ಕೈಕೊಟ್ಟು, "ಈ ಸಲಾನೂ ಹೋದ್ರೆ ಓದೇ ಬಿಟ್ಬಿಡ್ತೀನಿ ಸರ್," ಅಂತ ಕೂತಿದ್ದಳು. ನಾನಿರುವುದು ಹಳೇಬೀಡು, ಇಬ್ಬರಿಗೂ ಬೇಲೂರಿನ ಬಸ್ಸೇ. ಹಾಗಾಗಿ ಸಂಜೆ ಬಸ್ಸಿನಲ್ಲೇ ಪಾಠ ಶುರು ಮಾಡಿದೆವು.

ಒಂದು ದಿನ ಲಾಪ್ಲಾಸ್ ಲೆಕ್ಕ ಮಾಡಿಸುತ್ತಿದ್ದೆ. "ಅರ್ಧಕ್ಕೇ ನಿಲ್ಲಿಸಬೇಡಮ್ಮ. ಜೀರೋದಿಂದ ಇನ್ಫಿನಿಟಿವರೆಗೂ ತಗೋ."

ಹಿಂದೆ ನಿಂತಿದ್ದ ಕಂಡಕ್ಟರು ಬಗ್ಗಿ ಹೇಳಿದರು: "ಅದು ಈ ರೂಟಲ್ಲಿ ಬರಲ್ಲ ಸಾ. ಬೇಲೂರೇ ಲಾಸ್ಟು."

ಅವಳು ನಕ್ಕಳು. ಗಣಿತ ಮಾಡುತ್ತಾ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಆ ಲೆಕ್ಕ ತಪ್ಪಲಿಲ್ಲ.

ಹರಕೆ

ರಿಸಲ್ಟ್ ಬಂತು. ಅವಳು ಪಾಸು! ಫೋನಿನಲ್ಲಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಮಾರನೇ ದಿನ ಅವಳ ಅಪ್ಪ, ತಲೆಗೆ ಟವೆಲ್ ಸುತ್ತಿಕೊಂಡು, ಒಂದು ಚೀಲ ತೆಂಗಿನಕಾಯಿ ಹೊತ್ತು ಸ್ಟಾಫ್ ರೂಮಿಗೆ ಬಂದರು. ಹಿಂದೆ ಮಗಳು.

"ಸಾ, ಇವ್ಳು ಪಾಸಾದ್ರೆ ಮುಡಿ ಕೊಡ್ಸ್ತೀನಿ ಅಂತ ಮಾಲೇಕಲ್ ತಿಮ್ಮಪ್ಪಂಗೆ ಹರಕೆ ಕಟ್ಕಂಡಿದ್ದೆ."

"ಒಳ್ಳೇದಾಯ್ತು, ಹೋಗಿ ತೀರಿಸ್ಕೊಂಡು ಬನ್ನಿ."

"ನೀವೂ ಬರ್ಬೇಕು ಸಾ."

"ನಾನ್ಯಾಕೆ?"

ಅವರು ಟವೆಲ್ ಬಿಚ್ಚಿದರು. ತಲೆ ಫಳಫಳ ಹೊಳೆಯಿತು. "ನಂದು ನೋಡಿ, ಕೊಡಾಕೆ ಏನೈತೆ? ಮಗ್ಳು ನಾಳೆ ಇಂಟರ್‌ವ್ಯೂ ಅಂತ ಓಡಾಡೋಳು. ಮನೆಯೋಳು ಕೇಳಿದ್ದಕ್ಕೇ ಬೈದ್ಲು. ಅದ್ಕೇ, 'ಲೆಕ್ಕದ ಮೇಷ್ಟ್ರ ಮುಡಿ ಕೊಡ್ಸ್ತೀನಿ ಕಣಪ್ಪಾ' ಅಂದ್ಬುಟ್ಟೆ. ನಿಮ್ದು ಒಳ್ಳೆ ದಟ್ಟವಾಗೈತೆ."

ನನ್ನ ಕೈ ತಾನಾಗಿಯೇ ತಲೆಗೆ ಹೋಯಿತು. ಸ್ಟಾಫ್ ರೂಮಿನವರೆಲ್ಲ ಮುಖ ಮರೆಸಿಕೊಂಡು ನಗುತ್ತಿದ್ದರು.

"ಸರ್, ನೀವು ಬೇಡ ಅಂದ್ಬಿಡಿ, ಅಪ್ಪಂಗೆ ನಾನು ಹೇಳ್ತೀನಿ," ಅಂದಳು ಹುಡುಗಿ. ನಾಚಿಕೆಯಿಂದ ಮುಖ ಕೆಂಪಾಗಿತ್ತು, ಆದರೂ ಕಣ್ಣಲ್ಲಿ ಪಾಸಾದ ಹೊಳಪು ಹಾಗೇ ಇತ್ತು. ಅದನ್ನು ನೋಡಿ ಬೇಡ ಅನ್ನಲು ಬಾಯಿ ಬರಲಿಲ್ಲ.

ಭಾನುವಾರ ಬೆಟ್ಟ ಹತ್ತಿದೆವು. ಕತ್ತಿ ಆಡಿತು, ಕೂದಲು ಹೋಯಿತು, ತಲೆಗೆ ತಣ್ಣನೆ ಗಾಳಿ ಬಡಿಯಿತು. ಹುಡುಗಿ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದಳು. ಕೂದಲು ಹೋದರೂ ಮನಸ್ಸಿಗೆ ಹಿತವಾಗಿತ್ತು.

ಮೆಟ್ಟಿಲಿಳಿಯುತ್ತಾ, "ಅಂತೂ ಎಲ್ಲ ಮುಗೀತಲ್ಲ ಯಜಮಾನ್ರೇ," ಅಂದೆ.

"ಎಲ್ಲಿ ಮುಗೀತು ಸಾ?" ಅವರು ಸಮಾಧಾನವಾಗಿ ಟವೆಲ್ ಸುತ್ತಿಕೊಂಡರು. "ಎಂ-ಫೋರ್ ಒಂದು ಬಾಕಿ ಐತಲ್ಲ. ನೀವೇನೂ ಯೋಚ್ನೆ ಮಾಡ್ಬ್ಯಾಡಿ, ಅಷ್ಟೊತ್ಗೆ ಬೆಳ್ಕಂತದೆ."