ಒಂದು ಸೋಪಿನ ಡಬ್ಬಿಯೊಳಗೆ ಡೆಲ್ಲಿ, ಬೆಂಗಳೂರು

ಟೀವಿ ಕೆಡುವುದು ಕಡಿಮೆ. ಟೀವಿ ಇರುವ ಮನೆಯಲ್ಲಿ ಬೇರೆ ಏನಾದರೊಂದು ಕೆಡುವುದು ಜಾಸ್ತಿ. ಕಡೂರಿನ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ನಾನು, ಎಂಬತ್ತರ ದಶಕದಲ್ಲಿ ನಮ್ಮ ಕಡೆಗೂ ಟೀವಿಗಳು ಬಂದಾಗ, ಬೋರ್ಡಿನ ಮೇಲೆ ‘ರೇಡಿಯೋ’ ಪಕ್ಕದಲ್ಲಿ ‘ಟೀವಿ’ ಅಂತ ಎರಡಕ್ಷರ ಬರೆಸಿದೆ. ಕಲಿತದ್ದು ರೇಡಿಯೋ ಮಾತ್ರ. ಟೀವಿ ಎಂದರೆ ಚಿತ್ರ ಬರುವ ರೇಡಿಯೋ ತಾನೇ ಎಂಬ ಧೈರ್ಯ ಒಂದಿತ್ತು. ಆ ಧೈರ್ಯ ಏನೇನು ಮಾಡಿಸಿತು ಎಂದು ನೆನೆದರೆ ಈಗ ನಗು ಬರುತ್ತದೆ. ಆಗ ಬೆವರು ಬರುತ್ತಿತ್ತು.

ನಮ್ಮ ಕಡೆ ಬೆಂಗಳೂರಿನ ಕನ್ನಡ ಕಾರ್ಯಕ್ರಮ ಬೇಕೆಂದರೆ ನಲವತ್ತು ಅಡಿ ಪೈಪು ನಿಲ್ಲಿಸಿ, ತುದಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಅಗ್ನಿಮೂಲೆಗೆ ತಿರುಗಿಸಬೇಕಿತ್ತು. ಅಷ್ಟಾದ ಮೇಲೂ ದೇವರ ದಯೆ ಬೇಕಿತ್ತು.

೧. ತಟ್ಟೆ ಬಡಿದದ್ದು

ಕಡೂರಿನಲ್ಲೇ ಒಬ್ಬ ರಿಟೈರ್ಡ್ ಅಮಲ್ದಾರರ ಮನೆ. ನಾನು ಮಾಳಿಗೆ ಹತ್ತಿ ಪೈಪು ತಿರುಗಿಸಬೇಕು. ಚಿತ್ರ ಬಂತೋ ಹೋಯಿತೋ ಎಂದು ಕೆಳಗಿನಿಂದ ಯಾರಾದರೂ ಕೂಗಿ ಹೇಳಬೇಕು. ಅಮಲ್ದಾರರು ಟೀವಿ ಮುಂದೆ ಆರಾಮ ಕುರ್ಚಿಯಲ್ಲಿ ಕೂತಿದ್ದರು. ತಾಲ್ಲೂಕನ್ನೇ ಆಳಿದವರು, ಒಬ್ಬ ರಿಪೇರಿಯವನಿಗಾಗಿ ಕೂಗುವುದುಂಟೆ? ಇನ್ನು ಮನೆಯಲ್ಲಿದ್ದವರು ಅವರ ಸೊಸೆ ಒಬ್ಬರೇ. ಅವರು ಅಡಿಗೆ ಮನೆ ಬಾಗಿಲ ಮರೆಯಲ್ಲಿ ನಿಂತು, ಮಾವನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: “ಮಾವನೋರ ಮುಂದೆ ನಾನು ಹೆಂಗ್ ಕೂಗ್ಲಪ್ಪಾ?”

ಕೊನೆಗೆ ಒಂದು ಉಪಾಯ ಆಯಿತು. ಚಿತ್ರ ಬಂದರೆ ಸ್ಟೀಲ್ ತಟ್ಟೆಗೆ ಸೌಟಿನಿಂದ ಒಂದು ಏಟು, ಹೋದರೆ ಎರಡು ಏಟು. ಸದ್ದಿಗೆ ಮರ್ಯಾದೆಯ ಪ್ರಶ್ನೆ ಬರುವುದಿಲ್ಲವಲ್ಲ.

ನಾನು ಪೈಪು ತಿರುಗಿಸುತ್ತಾ ಹೋದೆ. ಟಣ್. ಟಣ್ ಟಣ್. ಟಣ್. ಟಣ್ ಟಣ್. ಅರ್ಧ ಗಂಟೆ ಇದೇ ನಡೆಯಿತು. ಬಗ್ಗಿ ನೋಡಿದರೆ ಬೀದಿಯ ನಾಲ್ಕೈದು ಹೆಂಗಸರು ಮೊರದಲ್ಲಿ ರಾಗಿ ಹಿಟ್ಟು ಹಿಡಿದುಕೊಂಡು ಅಮಲ್ದಾರರ ಬಾಗಿಲಲ್ಲಿ ನಿಂತಿದ್ದಾರೆ. ಜಾಗಟೆ ಸದ್ದು ಕೇಳಿ ಭಿಕ್ಷೆಯ ದಾಸಯ್ಯ ಬಂದಿದ್ದಾನೆ ಎಂದುಕೊಂಡು ಬಂದವರು.

“ದಾಸಯ್ಯ ಎಲ್ಲವ್ವಾ?” ಎಂದು ಒಬ್ಬ ಮುದುಕಿ ಸೊಸೆಯನ್ನು ಕೇಳಿದಳು. ಮಾವ ಅಲ್ಲೇ ಕೂತಿದ್ದಾರೆ, ಸೊಸೆ ಬಾಯಿ ಬಿಡುವಂತಿಲ್ಲ. ಸೌಟನ್ನು ಮೇಲಕ್ಕೆ ತೋರಿಸಿದರು. ಎಲ್ಲರೂ ತಲೆ ಎತ್ತಿ, ಪೈಪನ್ನು ತಬ್ಬಿಕೊಂಡು ನಿಂತಿದ್ದ ನನ್ನನ್ನು ನೋಡಿದರು.

ಮುದುಕಿ ಹೇಳಿದಳು: “ಬೇಡಕ್ಕೆ ಬಂದೋನು ಮಾಳಿಗೆ ಯಾಕಪ್ಪಾ ಹತ್ತಿದ್ದೀಯಾ? ಇಳ್ಕಂಡ್ ಬಾ, ಹಾಕ್ತೀವಿ.”

೨. ತಗಡಿನ ಹಿಸ್ಸೆ

ತರೀಕೆರೆಯ ಹೈಸ್ಕೂಲ್ ಮೇಷ್ಟ್ರೊಬ್ಬರಿಂದ ಒಂದು ಕಾರ್ಡು ಬಂತು. “ನಮ್ಮ ಟೀವಿಯಲ್ಲಿ ಒಬ್ಬೊಬ್ಬರೂ ಇಬ್ಬಿಬ್ಬರಾಗಿ ಕಾಣುತ್ತಿದ್ದಾರೆ. ಕೂಡಲೇ ಬಂದು ಒಬ್ಬರನ್ನು ತೆಗೆಯತಕ್ಕದ್ದು.”

ಹೋಗಿ ನೋಡಿದೆ. ಒಂದು ಚಿತ್ರದ ಪಕ್ಕದಲ್ಲೇ ಅದರ ನೆರಳಿನ ಹಾಗೆ ಇನ್ನೊಂದು ಚಿತ್ರ. ಪಕ್ಕದ ಮನೆಗೆ ಹೊಸದಾಗಿ ತಗಡು ಹೊದಿಸಿದ್ದರು. ನಾನು ಅಂಗಳದಲ್ಲಿ ನಿಂತು ಮೇಷ್ಟ್ರಿಗೆ ವಿವರಿಸಿದೆ: “ಸಾರ್, ಒಂದು ಚಿತ್ರ ನೇರವಾಗಿ ನಿಮ್ಮ ಆಂಟೆನಾಕ್ಕೆ ಬರುತ್ತೆ. ಇನ್ನೊಂದು ಪಕ್ಕದ ಮನೆ ತಗಡಿಗೆ ಬಡಿದು ಅಲ್ಲಿಂದ ಇಲ್ಲಿಗೆ ಬರುತ್ತೆ.”

ಪಕ್ಕದ ಮನೆಯವರು ಹಳೇ ಕಾಲದ ಶಾನುಭೋಗರು. ಕಾಂಪೌಂಡಿಗೆ ಒರಗಿಕೊಂಡು ಕೇಳುತ್ತಿದ್ದವರು, “ಅಂದ್ರೆ ನಮ್ಮ ತಗಡಿಗೆ ಬಂದಿದ್ದನ್ನ ಇವರು ನೋಡ್ತಿದಾರೆ ಅಂತಾಯ್ತು” ಎಂದರು.

“ಹಾಗೇ ಅಂದ್ಕೊಳ್ಳಿ” ಅಂದುಬಿಟ್ಟೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮುಂದಿನ ಭಾನುವಾರ ಸಂಜೆ ಸಿನಿಮಾ ಹೊತ್ತಿಗೆ ಶಾನುಭೋಗರು ಸಂಸಾರ ಸಮೇತ ಏಳು ಜನ ಬಂದು ಮೇಷ್ಟ್ರ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂತರು. ಮೇಷ್ಟ್ರು ಮುಖ ಗಂಟು ಹಾಕಿದರೆ, “ಒಂದು ನಿಮ್ಮದು, ಒಂದು ನಮ್ಮದು. ನಾವು ನಮ್ಮದನ್ನ ಮಾತ್ರ ನೋಡ್ತೀವಿ, ನೀವು ಯೋಚನೆ ಮಾಡಬೇಡಿ” ಎಂದರಂತೆ. ನಾಲ್ಕು ಭಾನುವಾರ ಸಹಿಸಿಕೊಂಡ ಮೇಷ್ಟ್ರು ಎರಡನೇ ಕಾರ್ಡು ಹಾಕಿದರು.

ನಾನು ಹೋದದ್ದೂ ಭಾನುವಾರವೇ. ಆಂಟೆನಾವನ್ನು ಗೇಣುದ್ದ ಸರಿಸಿದೆ, ನೆರಳು ಮಾಯವಾಯಿತು. ಕಾಫಿ ಕುಡಿಯುತ್ತಿರುವಾಗ ಶಾನುಭೋಗರು ಬಂದು ಕೂತರು. ಕನ್ನಡಕ ಏರಿಸಿ ಟೀವಿಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಪಾಲು ಮಾಡಿಕೊಟ್ಟೋನು ನೀನು. ನಮ್ಮ ಹಿಸ್ಸೆ ಯಾರ ಖಾತೆಗೆ ಏರಿಸಿದೆ?”

೩. ಅಂಗಾತ ಮಲಗಿದ ಡಿಷ್ಷು

ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರದ ಸಾಹುಕಾರರೊಬ್ಬರಿದ್ದರು. ಅವರ ಮನೆಗೆ ಪೈಪು ನಿಲ್ಲಿಸಿ ಬೆಂಗಳೂರು ತರಿಸಿಕೊಟ್ಟವನು ನಾನೇ. ಒಂದು ಸಲ ವ್ಯಾಪಾರಕ್ಕೆ ಹೋದ ಊರಿನಲ್ಲಿ ಅವರು ಡಿಷ್ ಆಂಟೆನಾ ನೋಡಿ ಬಂದರು. ಉಪಗ್ರಹದಿಂದ ನೇರವಾಗಿ ಡೆಲ್ಲಿ ಕಾರ್ಯಕ್ರಮ ಹಿಡಿಯುವಂಥದ್ದು, ಒಂದು ಚುಕ್ಕೆಯೂ ಇಲ್ಲದ ಚಿತ್ರ. ಅದೇ ಬೇಕೆಂದು ಹಠ ಹಿಡಿದರು. ಲಾರಿಯಲ್ಲಿ ತುಂಡು ತುಂಡಾಗಿ ಬಂತು. ತಾರಸಿ ಮೇಲೆ ಜೋಡಿಸಿ ನೋಡಿದರೆ ತಂತಿ ಬಲೆಯ ದೊಡ್ಡ ಬಾಣಲೆ. ಒಳಗೆ ಹತ್ತು ಜನ ಕೂತು ಊಟ ಮಾಡಬಹುದು.

ನಮ್ಮ ಸೀಮೆಗೆ ಆ ಉಪಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇತ್ತು. ಹಾಗಾಗಿ ಡಿಷ್ಷು ಎದ್ದು ನಿಲ್ಲಲಿಲ್ಲ, ಆಕಾಶ ನೋಡುತ್ತಾ ಅಂಗಾತ ಮಲಗಿತು.

ಹದಿನೈದು ದಿನಕ್ಕೆ ದೂರು ಬಂತು: ಮಧ್ಯಾಹ್ನ ಟೀವಿ ಹಾಕುವುದೇ ಕ್ರಿಕೆಟ್ ಮ್ಯಾಚ್ ಇದ್ದ ದಿನ, ಆಗಲೇ ಡೆಲ್ಲಿ ಬರುವುದಿಲ್ಲ, ಸಂಜೆ ತಾನಾಗೇ ಬರುತ್ತದೆ. ನಾನು ಮೂರು ಸಲ ಸಂಜೆ ಬಸ್ಸಿಗೆ ಹೋದೆ. ಮೂರು ಸಲವೂ ಚಿತ್ರ ಕನ್ನಡಿಯ ಹಾಗಿತ್ತು. ನಾಲ್ಕನೇ ಸಲ ಹೇಳದೆ ಕೇಳದೆ ನಡು ಮಧ್ಯಾಹ್ನ ಹೋಗಿ ಸೀದಾ ತಾರಸಿ ಹತ್ತಿದೆ. ಡಿಷ್ಷಿನ ತುಂಬಾ ಒದ್ದೆ ಸೀರೆ, ಸೀರೆಯ ತುಂಬಾ ಸಂಡಿಗೆ. ಪಕ್ಕದಲ್ಲಿ ಸಾಹುಕಾರರ ತಾಯಿ ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದಾರೆ.

“ಅಜ್ಜೀ, ಇದ್ರಲ್ಲಿ ಒಣಗಿಸ್ಬಾರ್ದು. ಒದ್ದೆ ಹಿಟ್ಟು ದಾಟ್ಕೊಂಡು ಡೆಲ್ಲಿ ಬರಲ್ಲ” ಅಂದೆ.

“ಬಂದ್ರೂ ನಂಗೇನು ಅರ್ಥ ಆಯ್ತದೇನಪ್ಪಾ? ಕೆಳಗೆ ಗಾಳಿ, ಮೇಲೆ ಬಿಸ್ಲು, ಕೋಳಿ ನಾಯಿ ಕಾಟ ಇಲ್ಲ. ನನ್ ಮಗ ಇಷ್ಟು ವರ್ಸದಲ್ಲಿ ತಂದ ಒಳ್ಳೆ ಸಾಮಾನು ಇದೊಂದೇ ಕಣಪ್ಪಾ” ಎಂದರು ಅಜ್ಜಿ.

ಆ ತಾಯಿಯನ್ನು ಸಿಕ್ಕಿಹಾಕಿಸಲು ನನಗೆ ಮನಸ್ಸು ಬರಲಿಲ್ಲ. ಕೆಳಗಿಳಿದು ಬಂದು, “ಸಾವ್ಕಾರ್ರೇ, ಉಪಗ್ರಹ ಮಧ್ಯಾಹ್ನ ಸ್ವಲ್ಪ ಹೊತ್ತು ಕೆಲಸ ಮಾಡಲ್ಲ” ಅಂದೆ.

ಸಾಹುಕಾರರು ಒಂದು ನಿಮಿಷವೂ ಅನುಮಾನ ಪಡಲಿಲ್ಲ. “ಸರ್ಕಾರದ್ದಲ್ವಾ,” ಎಂದರು, “ಊಟಕ್ಕೆ ಹೋಗಿರ್ತೈತೆ.”

೪. ಟ್ರಂಕು ಇಳಿದದ್ದು, ಏರಿದ್ದು

ಅದೇ ಮನೆಯಲ್ಲಿ ಡಿಷ್ ಹಾಕಿದ ದಿನವೇ ಒಂದು ತಪ್ಪು ನಡೆದಿತ್ತು, ಮಾಡಿದವನು ನಾನು. ಟೀವಿಯ ಹಿಂದೆ ಆಂಟೆನಾ ವೈರು ಸಿಕ್ಕಿಸಲು ಇದ್ದದ್ದು ಒಂದೇ ತೂತು. ಪೈಪಿನ ವೈರು ಕಿತ್ತು, ಡಿಷ್ಷಿನ ವೈರು ಸಿಕ್ಕಿಸಿ ಬಂದಿದ್ದೆ. ಅವತ್ತಿನಿಂದ ಆ ಮನೆಯಲ್ಲಿ ಡೆಲ್ಲಿ ಬಂತು, ಕನ್ನಡ ನಿಂತಿತು.

ಅಜ್ಜಿ ಮೂರು ತಿಂಗಳು ತಡೆದುಕೊಂಡರು. ಒಂದು ಬುಧವಾರ ಬೆಳಿಗ್ಗೆ ಸಾಹುಕಾರರು ತಾವೇ ಕಡೂರಿನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತರು.

“ಅವ್ವ ನಾಳೆ ಬೆಳಿಗ್ಗೆ ರೈಲಿಗೆ ಶಿವನಿ ಊರಿಗೆ ಹೊರಟವ್ಳೆ ಕಣಯ್ಯಾ. ನಮ್ ಅಕ್ಕನ ಮನೇಲೇ ಇದ್ಬಿಡ್ತಾಳಂತೆ. ಟ್ರಂಕು ಕಟ್ಟವ್ಳೆ.”

“ಯಾಕೆ, ಜಗಳ ಆಯ್ತಾ?”

“ಎಲ್ಲಾ ನಿನ್ ವೈರಿನಿಂದ. ‘ಡೆಲ್ಲಿ ಎಷ್ಟು ಕ್ಲಿಯರ್ ಆಗಿ ಬತ್ತೈತೆ ನೋಡವ್ವಾ’ ಅಂದೆ. ‘ಕ್ಲಿಯರ್ ಆಗಿ ಅರ್ಥ ಆಗ್ದೇ ಇರೋದಕ್ಕಿಂತ ಚುಕ್ಕೆ ಚುಕ್ಕೆಯಾಗಿ ಅರ್ಥ ಆಗೋದೇ ಮೇಲು’ ಅಂದ್ಬಿಟ್ಲು. ಮಗನ ಮನೆ ಬಿಟ್ಟು ಮಗಳ ಮನೆ ಸೇರಿದ್ಲು ಅಂದ್ರೆ ಊರು ಏನಂತೈತೆ? ಮಠದ ಅಯ್ನೋರು ಬಂದಾಗ ಅವ್ವ ಎಲ್ಲಿ ಅಂದ್ರೆ ಯಾವ ಮುಖ ಇಟ್ಕಂಡು ಹೇಳ್ಲಿ? ಸಾಯಂಕಾಲದೊಳಗೆ ಎರಡೂ ಒಂದೇ ಟೀವೀಲಿ ಬರ್ಬೇಕು.”

ಅವರ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಾಯಿತು. ಎರಡು ವೈರಿಗೆ ಒಂದು ಸ್ವಿಚ್ ಹಾಕಿದರೆ ಮುಗಿಯುವ ಕೆಲಸ. ಈ ಕಡೆ ಒತ್ತಿದರೆ ಡೆಲ್ಲಿ, ಆ ಕಡೆ ಒತ್ತಿದರೆ ಬೆಂಗಳೂರು. ಆದರೆ ಅಂಥ ಸ್ವಿಚ್ಚು ಬೆಂಗಳೂರಿನಿಂದಲೇ ತರಿಸಬೇಕು. ಅಜ್ಜಿಯ ರೈಲು ನಾಳೆ. ನಾನು ಒಂದು ಖಾಲಿ ಸೋಪಿನ ಡಬ್ಬಿ ತೆಗೆದುಕೊಂಡು ಅವರ ಜೊತೆಗೇ ಅಜ್ಜಂಪುರದ ಬಸ್ಸು ಹತ್ತಿದೆ. ಡಬ್ಬಿಯೊಳಗೆ ಎರಡೂ ವೈರುಗಳನ್ನು ಸೇರಿಸಿ ಬೆಸುಗೆ ಹಾಕಿ, ಒಂದೇ ವೈರಾಗಿ ಹೊರಗೆ ತಂದೆ. ಎರಡು ಕಾಲುವೆಯ ನೀರು ಒಂದೇ ಗದ್ದೆಗೆ ಬಿಟ್ಟರೆ ಗದ್ದೆಗೇನು ನಷ್ಟ ಎಂದು ನನ್ನ ಲೆಕ್ಕಾಚಾರ.

ಸಂಜೆ ಟೀವಿ ಹಾಕಿದೆ. ಅಜ್ಜಿ ನಡುಮನೆಯಲ್ಲಿ ಕಟ್ಟಿಟ್ಟ ಟ್ರಂಕಿನ ಮೇಲೇ ಕೂತಿದ್ದರು. ಸಾಹುಕಾರರೂ ಅವರ ಹೆಂಡತಿಯೂ ಪಕ್ಕದಲ್ಲಿ ನಿಂತಿದ್ದರು.

ಚಿತ್ರ ಬಂತು. ಡೆಲ್ಲಿ ವಾರ್ತೆ. ಯಾರೋ ಮಂತ್ರಿಗಳು ಕೋಟು ತೊಟ್ಟ ವಿದೇಶಿ ಅತಿಥಿಯ ಕೈ ಕುಲುಕುತ್ತಿದ್ದಾರೆ. ಅತಿಥಿ ಬಾಯಿ ತೆರೆದ. ಟೀವಿಯಿಂದ ಶಬ್ದ ಬಂತು: “ನಮ್ಮ ಕುರಿಗಳಿಗೆ ಕಾಲುಬಾಯಿ ಜ್ವರ ಬಂದೈತೆ ಸಾರ್, ಏನ್ ಮಾಡ್ಬೇಕು?”

ಮಂತ್ರಿಗಳು ನಗುನಗುತ್ತಾ ಉತ್ತರ ಕೊಟ್ಟರು: “ಮೊದಲು ಕಾಯಿಲೆ ಬಂದ ಕುರಿಗಳನ್ನು ಬೇರೆ ಕಟ್ಟಿ, ಗೊರಸು ತೊಳೆಯಿರಿ.”

ಚಿತ್ರ ಡಿಷ್ಷಿನದು, ಮಾತು ಪೈಪಿನದು. ಬೆಂಗಳೂರಿನಲ್ಲಿ ಆ ಹೊತ್ತಿಗೆ ರೈತರ ಕಾರ್ಯಕ್ರಮ ನಡೆಯುತ್ತಿತ್ತು. ಯಾಕೆ ಹೀಗೆ ಬೆರೆಯಿತು ಎಂಬುದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಸೋಪಿನ ಡಬ್ಬಿಗೆ ಕೈ ಹಾಕಬೇಕು, ಅಷ್ಟರಲ್ಲಿ ಅಜ್ಜಿ ಟ್ರಂಕಿನ ಮೇಲಿಂದ ಇಳಿದು ಚಾಪೆ ಮೇಲೆ ಕೂತರು.

“ನೋಡ್ಲಾ ಮಗಾ, ಡೆಲ್ಲಿಯೋರೂ ಕನ್ನಡ ಕಲ್ತ್ರು. ಕುರಿ ಕಷ್ಟ ಎಷ್ಟು ಚೆನ್ನಾಗಿ ತಿಳ್ಕಂಡವ್ರೆ.”

ವಾರ್ತೆ ಮುಗಿದು ಹಿಂದಿ ಧಾರಾವಾಹಿ ಶುರುವಾಯಿತು. ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಿಕ್ಕಿ ಬಿಕ್ಕಿ, ಗಂಡಸಿನ ದನಿಯಲ್ಲಿ, “ದಾವಣಗೆರೆ ಮಾರುಕಟ್ಟೆಯಲ್ಲಿ ಈರುಳ್ಳಿ ಧಾರಣೆ ಇಳಿದಿದೆ” ಎಂದಳು. ಅಜ್ಜಿಯ ಕಣ್ಣೂ ಒದ್ದೆಯಾಯಿತು.

“ಅಳದೆ ಏನ್ ಮಾಡ್ತಾಳೆ ಪಾಪ. ಈರುಳ್ಳಿ ಬೆಳೆದೋಳಿರ್ಬೇಕು. ಅತ್ತೂ ಅತ್ತೂ ಗಂಟಲು ಕಟ್ಟೋಗೈತೆ.”

ಸೊಸೆ ಬಾಯಿಗೆ ಸೆರಗು ತುರುಕಿಕೊಂಡು ಅಡಿಗೆ ಮನೆಗೆ ಓಡಿದರು. ನಾನು ಸಾಹುಕಾರರ ಕಿವಿಯಲ್ಲಿ, “ಸ್ವಿಚ್ ತರಿಸಿ ಸರಿ ಮಾಡಿಕೊಡ್ತೀನಿ” ಅಂದೆ. “ಬಾಯ್ಮುಚ್ಚು” ಎಂದರು ಸಾಹುಕಾರರು. ಅಷ್ಟರಲ್ಲಿ ಅಜ್ಜಿ ಟ್ರಂಕಿನ ಹಗ್ಗ ಬಿಚ್ಚುತ್ತಿದ್ದರು. ಅವತ್ತು ರಾತ್ರಿ ಊಟಕ್ಕೆ ಡಿಷ್ಷಿನಲ್ಲಿ ಒಣಗಿದ ಸಂಡಿಗೆಯನ್ನೇ ಕರಿದು ಬಡಿಸಿದರು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ರಿಪೇರಿಯವನ ಮನಸ್ಸು, ತಪ್ಪು ಕೆಲಸ ಮಾಡಿ ಬಂದಿದ್ದೇನೆ ಎಂದು ಎರಡು ತಿಂಗಳು ಕೊರೆಯಿತು. ಸ್ವಿಚ್ಚು ಬಂದ ದಿನವೇ ಅಜ್ಜಂಪುರಕ್ಕೆ ಹೋಗಿ, ಸಾಹುಕಾರರು ಮಂಡಿಯಲ್ಲಿದ್ದಾಗ, ಡಬ್ಬಿ ಬಿಚ್ಚಿ ಅಚ್ಚುಕಟ್ಟಾಗಿ ಹಾಕಿಬಿಟ್ಟೆ. ಡೆಲ್ಲಿ ಬೇರೆ, ಬೆಂಗಳೂರು ಬೇರೆ. ನನ್ನ ಜೀವಮಾನದಲ್ಲಿ ಅಷ್ಟು ಶುದ್ಧವಾದ ಕೆಲಸ ಮಾಡಿರಲಿಲ್ಲ. ಹೆಮ್ಮೆಯಿಂದ ಅಜ್ಜಿಯನ್ನು ಕೂರಿಸಿ ಡೆಲ್ಲಿ ಹಾಕಿದೆ. ಮಂತ್ರಿಗಳು ಬಂದರು, ಬಾಯಿ ತೆರೆದರು, ಹಿಂದಿ ಮಾತಾಡಿದರು.

ಅಜ್ಜಿ ನನ್ನ ಕಡೆ ತಿರುಗಿದರು. “ಏನ್ ಮಾಡ್ದೆ?”

“ರಿಪೇರಿ ಮಾಡ್ದೆ ಅಜ್ಜಿ.”

“ಎರಡು ತಿಂಗಳಿಂದ ಚೆಂದಾಗಿ ಕನ್ನಡ ಆಡ್ತಿದ್ದೋರು. ನೀನು ಕೈ ಇಕ್ಕಿದ ತಕ್ಷಣ ಹಿಂದಿಗೆ ಹೋದ್ರಲ್ಲೋ.”

ಆ ಕಡೆ ಒತ್ತಿದರೆ ಕನ್ನಡವೂ ಇದೆ ಎಂದು ತೋರಿಸಿದೆ. ಅದು ಬೆಂಗಳೂರು, ಬೆಂಗಳೂರಿನವರು ಕನ್ನಡ ಆಡುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಅಜ್ಜಿ ಕೇಳಿದರು. ಸಾಹುಕಾರರು ಮಂಡಿಯಿಂದ ಬರುವ ಹೊತ್ತಿಗೆ ಟ್ರಂಕು ಮತ್ತೆ ನಡುಮನೆಗೆ ಬಂದಿತ್ತು. ಅವರು ಟ್ರಂಕು ನೋಡಿದರು, ಸ್ವಿಚ್ಚು ನೋಡಿದರು, ನನಗೆ ಕೈ ಮುಗಿದರು. “ನಿನ್ ದಮ್ಮಯ್ಯ ಕಣಪ್ಪಾ. ಮುಂಚೆ ಹೆಂಗ್ ಕೆಡ್ಸಿದ್ಯೋ ಹಂಗೇ ಕೆಡ್ಸಿ ಹೋಗು.”

ಸ್ವಿಚ್ಚು ಕಿತ್ತು ಜೇಬಿಗೆ ಹಾಕಿಕೊಂಡು, ಸೋಪಿನ ಡಬ್ಬಿಯಲ್ಲಿ ಎರಡನ್ನೂ ಮತ್ತೆ ಬೆರೆಸಿದೆ. ಮಂತ್ರಿಗಳು ಬೇವಿನ ಹಿಂಡಿಯ ಬಗ್ಗೆ ಮಾತಾಡತೊಡಗಿದರು. ಟ್ರಂಕು ಅಟ್ಟ ಸೇರಿತು.

ಆಮೇಲೆ ಒಂದು ದಿನ ಆ ದಾರಿಯಲ್ಲಿ ಹೋದವನು ಅವರ ಮನೆಗೆ ಹೊಕ್ಕಾಗ ಮಠದ ಅಯ್ಯನವರು ಬಂದು ಗದ್ದಿಗೆ ಮೇಲೆ ಕೂತಿದ್ದರು. ಅಜ್ಜಿ ನನ್ನನ್ನು ಕರೆದು ಅವರ ಮುಂದೆ ನಿಲ್ಲಿಸಿ ಹೇಳಿದರು:

“ಡೆಲ್ಲಿಯೋರಿಗೆ ಕನ್ನಡ ಕಲಿಸಿದೋನು ಇವ್ನೇ ಕಣ್ರೀ ಅಯ್ನೋರೇ. ನಡುವೆ ಒಂದ್ಸಲ ಮರೆಸ್ಬಿಟ್ಟಿದ್ದ. ನಾನು ಟ್ರಂಕು ಕಟ್ಟಿದ್ ಮೇಲೆ ತಿರುಗಾ ಕಲಿಸ್ದ.”