ಬೆಣ್ಣೆ ಅರ್ಧ ಪರ್ಸೆಂಟು

ಅನ್ನ ಕೊಡುವ ಕೆಲಸವೇ ನನ್ನ ತಿಂಡಿಗೆ ಕಲ್ಲು ಹಾಕುತ್ತದೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ. ನಾನು ತಿಂಡಿ ಪೊಟ್ಟಣಗಳ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ನೋಡುವವನು. ಪೊಟ್ಟಣದ ಮುಂದೆ ಕುಂಬಳಕಾಯಿ ಗಾತ್ರದಲ್ಲಿ 'ಬೆಣ್ಣೆ ಬಿಸ್ಕತ್ತು' ಎಂದಿರುತ್ತದೆ, ಒಳಗೇನಿದೆ ಎಂಬುದು ಹಿಂದೆ ಇರುವೆ ಗಾತ್ರದಲ್ಲಿರುತ್ತದೆ. ಆ ಇರುವೆಸಾಲನ್ನು ಪರೀಕ್ಷಿಸಿ, ಕರಡಿನ ಮೂಲೆಯಲ್ಲಿ ಕೆಂಪು ಶಾಯಿಯಿಂದ 'ಸರಿಯಾಗಿದೆ' ಎಂದು ಬರೆದು ಸಹಿ ಹಾಕುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಘನಕಾರ್ಯ. (ಅರ್ಥ ಮಾತ್ರ ಕೇಳಬೇಡಿ. ಮಾಲ್ಟೋಡೆಕ್ಸ್ಟ್ರಿನ್ ಎಂಬುದು ಹಿಟ್ಟೋ ಔಷಧವೋ ನನಗೆ ಇವತ್ತಿಗೂ ಗೊತ್ತಿಲ್ಲ.)

ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಸೂಜಿಗೆ ದಾರ ಪೋಣಿಸಲೆಂದು ಒಂದು ಭೂತಗನ್ನಡಿ ತಂದಳು. ಮೊದಲ ದಿನ ಅದರಲ್ಲಿ ಸೂಜಿ ನೋಡಿದಳು. ಎರಡನೇ ದಿನ ನನ್ನ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿದಳು. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

"ರೀ, ಬೆಣ್ಣೆ ಬಿಸ್ಕತ್ತಲ್ಲಿ ಬೆಣ್ಣೆ ಎಷ್ಟಿದೆ ಗೊತ್ತಾ? ಅರ್ಧ ಪರ್ಸೆಂಟು!"

"ಇದೆಯಲ್ಲ, ಸಂತೋಷಪಡು."

"ಮಿಕ್ಕಿದ್ದೆಲ್ಲ ಮೈದಾ, ತಾಳೆ ಎಣ್ಣೆ, ಪಿಷ್ಟ. ಈ ನಾನೂರ ಎಪ್ಪತ್ತೊಂದು ಅಂದ್ರೇನು? ತಿನ್ನೋದೋ, ಬಸ್ ನಂಬರ್ರೋ?"

"ಏನೋ... ಎಣ್ಣೆ, ನೀರು ಬೇರೆ ಆಗದ ಹಾಗೆ ಹಿಡ್ಕೊಳ್ಳೋದಿರಬೇಕು ಕಣೆ."

"ಇರಬೇಕಾ? ಅಯ್ಯೋ ನನ್ನ ಕರ್ಮವೇ, ಗೊತ್ತಿಲ್ಲದೆ ಸಹಿ ಹಾಕ್ತೀರಾ?"

"ನಾನು ಲೇಬಲ್ಲಿಗೆ ಸಹಿ ಹಾಕೋದು, ಬಿಸ್ಕತ್ತಿಗಲ್ಲ!"

ವಾದ ಬಿದ್ದುಹೋಯಿತು. ನಾಲಿಗೆ ಹೊರಳದ ಹೆಸರಿರುವ ಯಾವ ವಸ್ತುವೂ ಹೊಸ್ತಿಲು ದಾಟಕೂಡದೆಂದು ರಾಜಾಜ್ಞೆ ಹೊರಟಿತು. ಹಣ್ಣಿಗಿಂತ ಸಕ್ಕರೆ ಹೆಚ್ಚಿದ್ದ ಜಾಮ್ ಹೋಯಿತು, ಟೊಮೆಟೊಗಿಂತ ಪಿಷ್ಟ ಹೆಚ್ಚಿದ್ದ ಸಾಸ್ ಹೋಯಿತು. ಹೋಗಲಿ ಬಿಡಿ. ಆದರೆ ಸಂಜೆ ಚಹಾದಲ್ಲಿ ಅದ್ದಿ ತಿನ್ನುವ ನನ್ನ ಎರಡು ಬಿಸ್ಕತ್ತು? ದಿನವಿಡೀ ಇರುವೆ ಎಣಿಸುವವನಿಗೆ ಇದ್ದ ಸುಖ ಅದೊಂದೇ. ಬರೀ ಚಹಾ ನೋಡಿದರೆ ನನಗೆ ನಿಜವಾಗಿಯೂ ಅಳು ಬರುತ್ತಿತ್ತು.

ನಾಲ್ಕನೇ ದಿನ ಊಟದ ಬಿಡುವಿನಲ್ಲಿ ನಾನೇ ಒಂದು ಲೇಬಲ್ ಜೋಡಿಸಿ, ಒಂದೇ ಒಂದು ಪ್ರತಿ ತೆಗೆದೆ: 'ಅಜ್ಜಿ ಬಿಸ್ಕತ್ತು. ಗೋಧಿ ಹಿಟ್ಟು, ಬೆಣ್ಣೆ, ಸಕ್ಕರೆ, ಹಾಲು. ಇಷ್ಟೇ.' ಅದನ್ನು ಒಂದು ಡಬ್ಬಿಗೆ ಅಂಟಿಸಿ, ಅದೇ ಹಳೇ ಬಿಸ್ಕತ್ತು ತುಂಬಿಸಿ ಮನೆಗೆ ತಂದೆ.

ಇವಳ ಮುಖ ಅರಳಿತು. "ನೋಡಿ, ಮನಸ್ಸು ಮಾಡಿದ್ರೆ ಒಳ್ಳೇದೂ ಸಿಗುತ್ತೆ! ಏನು ಬೆಣ್ಣೆ ಘಮ! ಬಾಯಲ್ಲಿಟ್ರೆ ಕರಗುತ್ತೆ."

ನನಗೆ ತಲೆಬುಡ ತಿಳಿಯಲಿಲ್ಲ. ಮೊನ್ನೆಯಷ್ಟೇ ಇದೇ ಬಿಸ್ಕತ್ತನ್ನು ಮಣ್ಣು ಎಂದಿದ್ದವಳು ಇವಳೇ. ಅನುಮಾನದಿಂದ ನಾನೂ ಒಂದು ಕಚ್ಚಿದೆ. ನಿಮ್ಮಾಣೆ, ಬೆಣ್ಣೆ ಜಾಸ್ತಿ ಇದೆ ಎನಿಸಿತು! ಪೊಟ್ಟಣದ್ದನ್ನೇ ತಂದೆನೋ, ಬೇರೆ ತಂದೆನೋ ಎಂದು ನನಗೇ ಗೊಂದಲವಾಯಿತು.

ಮರುದಿನ ಸಂಜೆ ಬಂದರೆ ಮೇಜಿನ ಮೇಲೆ ಚಹಾ ಇಲ್ಲ. ಡಬ್ಬಿ ಇದೆ, ಪಕ್ಕದಲ್ಲಿ ಭೂತಗನ್ನಡಿ ಇದೆ.

"ರೀ, ಈ ಮೂಲೇಲಿ ಕೆಂಪಗೆ ಏನಿದು?"

ಬಗ್ಗಿ ನೋಡಿದೆ. 'ಸರಿಯಾಗಿದೆ.' ಕೆಳಗೆ ನನ್ನ ಸಹಿ. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ನನ್ನನ್ನು ಕೇಳದೆಯೇ ಹಾಕಿಬಿಟ್ಟಿತ್ತು.

ಅವಳು ಕೂಗಾಡಲಿಲ್ಲ, ನನಗೆ ಭಯವಾದದ್ದೇ ಅದಕ್ಕೆ. "ನೀವೂ ಈ ಬಿಸ್ಕತ್ತಿನ ಥರಾನೇ ಕಣ್ರೀ. ನಿಜ ಅರ್ಧ ಪರ್ಸೆಂಟು, ಮಿಕ್ಕಿದ್ದೆಲ್ಲ ತುಂಬಿಸಿದ್ದು," ಎಂದು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಮಾರನೇ ದಿನ ಪ್ರೆಸ್ಸಿನಲ್ಲಿ ಊಟದ ಡಬ್ಬಿ ತೆಗೆಯಹೋದೆ. ಮುಚ್ಚಳದ ಮೇಲೆ ಅವಳ ಕೈಬರಹದ ಲೇಬಲ್ಲು, ಇರುವೆ ಗಾತ್ರದ ಅಕ್ಷರಗಳು: 'ಬೇಯಿಸಿದ ಎಲೆಕೋಸು ತೊಂಬತ್ತೊಂಬತ್ತೂವರೆ ಪರ್ಸೆಂಟು, ಉಪ್ಪು ಅರ್ಧ. ಬಣ್ಣ ಸೇರಿಸಿಲ್ಲ, ರುಚಿ ಸೇರಿಸಿಲ್ಲ. ಒಂದು ತಿಂಗಳು ಇದೇ.'

ಎಲ್ಲಾದರೂ ಒಂದು ತಪ್ಪು ಸಿಕ್ಕರೆ ಜಗಳಕ್ಕಾದರೂ ದಾರಿಯಾಗುತ್ತದೆಂದು ಮೂರು ಸಲ ಓದಿದೆ. ಒಂದೂ ಸಿಗಲಿಲ್ಲ. ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೂಲೆಯಲ್ಲಿ ಕೆಂಪು ಶಾಯಿ ಹೊಳೆಯುತ್ತಿತ್ತು: 'ಸರಿಯಾಗಿದೆ.' ಕೆಳಗೆ ನನ್ನ ಸಹಿ.