ಹನ್ನೆರಡರ ಕೆಳಗಿಳಿಯದ ದೋಷ

ಪೆರುವಿನಲ್ಲಿ ವರ್ಷಕ್ಕೆ ಹೆಸರಿಡುವುದು ಸರ್ಕಾರದ ಕೆಲಸ. ಆ ಹೆಸರು ನೆತ್ತಿಯ ಮೇಲಿಲ್ಲದ ಕಾಗದವನ್ನು ಯಾವ ಕಚೇರಿಯೂ ಮುಟ್ಟುವುದಿಲ್ಲ. ಆ ಸಲದ್ದು 'ರಾಷ್ಟ್ರೀಯ ನಿಖರತೆಯ ವರ್ಷ'.

ಹಾಗಾಗಿ ಬಂದರಿನ ಮೀನು ಅಂದಾಜು ಕಚೇರಿಯ ಇಂಜಿನಿಯರ್ ಯೂಲಾಲಿಯಾ ಚುಂಪಿತಾಸ್ ಬರೆದ ವರದಿ ಟಪಾಲು ಕಿಟಕಿಯಿಂದಲೇ ವಾಪಸಾಯಿತು. ಕಡಲಲ್ಲಿ ಎಪ್ಪತ್ತು ಲಕ್ಷ ಟನ್ ಆಂಚೊವೆತಾ ಮೀನಿದೆ, ಶೇಕಡ ಹನ್ನೆರಡು ಆಚೀಚೆ ಆಗಬಹುದು ಎಂದು ಅವಳು ಬರೆದಿದ್ದಳು. ಅಂಥ ಶೀರ್ಷಿಕೆಯ ಕೆಳಗೆ ಇಂಥ ದೋಷ ಇರತಕ್ಕದ್ದಲ್ಲ ಎಂದು ಕಿಟಕಿಯವರು ಷರಾ ಹಾಕಿದರು. ತಿಂಗಳ ಕೊನೆಯೊಳಗೆ ವರದಿಗೆ ಮೊಹರು ಬೀಳದಿದ್ದರೆ ಅವಳ ಗುತ್ತಿಗೆ ನೌಕರಿ ಹೋದಂತೆಯೇ.

"ದೋಷ ಒಂದಕ್ಕೆ ಇಳಿಸಿಬಿಡಿ ಇಂಜಿನಿಯರಮ್ಮ," ಅಂದ ನಿರ್ದೇಶಕ ಸೋಸಿಮೊ.

"ಆಗಲ್ಲ ಸಾರ್. ಅಂದಾಜಿಗೆ ಅಂತ ಎಳೆದಿದ್ದು ನಲವತ್ತೇ ಬಲೆ. ಯಾವ ಜಾಣ ಕೂತು ಲೆಕ್ಕ ಹಾಕಿದ್ರೂ ಅಷ್ಟರಲ್ಲಿ ಹನ್ನೆರಡರ ಕೆಳಗಿಳಿಯಲ್ಲ. ಅದು ಗಣಿತದ ಮಿತಿ."

"ಮಿತಿ ಹಾಕಿದ್ದು ಯಾವ ಇಲಾಖೆ?"

"ಇಲಾಖೆ ಅಲ್ಲ ಸಾರ್, ಸಾಬೀತಾಗಿರೋ ಸತ್ಯ."

"ಅಂದ್ರೆ ಯಾರ ಸಹೀನೂ ಇಲ್ಲ! ರದ್ದು ಮಾಡೋಕೆ ಎಷ್ಟೊತ್ತು?"

ಮರುದಿನವೇ ಆದೇಶ ಹೊರಬಿತ್ತು: 'ಸದರಿ ಮಿತಿಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಶೇಕಡ ಒಂದಕ್ಕೆ ಇಳಿಸಲಾಗಿದೆ. ಆಕ್ಷೇಪಣೆಯಿದ್ದಲ್ಲಿ ಮಿತಿಯು ಏಳು ದಿನಗಳೊಳಗೆ ಖುದ್ದು ಹಾಜರಾಗತಕ್ಕದ್ದು.' ಮಿತಿ ಹಾಜರಾಗಲಿಲ್ಲ. ದೋಷವೂ ಇಳಿಯಲಿಲ್ಲ.

ಯೂಲಾಲಿಯಾಗೆ ರೇಗಿಹೋಯಿತು. "ಹಾಗಾದ್ರೆ ಬಲೆ ಎಳೆಯೋದನ್ನೇ ಬಿಟ್ಟುಬಿಡಿ ಸಾರ್! ಯಾವಾಗ ಕೇಳಿದ್ರೂ ಎಪ್ಪತ್ತು ಲಕ್ಷ ಅಂದುಬಿಡೋಣ. ಸಾವಿರ ಸಲ ಅಂದಾಜು ಮಾಡಿದ್ರೂ ಒಂದು ಕಿಲೋ ಆಚೀಚೆ ಆಗಲ್ಲ!"

ಸೋಸಿಮೊ ಕನ್ನಡಕ ತೆಗೆದು ಒರೆಸಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ಇಷ್ಟು ದಿನ ಇದನ್ನ ಯಾಕಮ್ಮ ಮುಚ್ಚಿಟ್ಟಿದ್ರಿ?"

ವರದಿಯಲ್ಲಿ ದೋಷ ಸೊನ್ನೆಯಾಯಿತು, ಮೊಹರು ಬಿತ್ತು. ಯೂಲಾಲಿಯಾಳನ್ನು 'ದೋಷ ನಿರ್ಮೂಲನಾಧಿಕಾರಿ'ಯಾಗಿ ಕಾಯಂ ಮಾಡಲಾಯಿತು. ಮೊದಲೆರಡು ದಿನ ಅವಳಿಗೆ ನಾಚಿಕೆಯಾಯಿತು. ಮೂರನೆಯ ದಿನ ಸಂಬಳ ಬಂತು.

ಮುಂದಿನ ಹಂಗಾಮಿನಲ್ಲಿ ದೋಣಿಯ ನಾಯಕ ಫಿದೆನ್ಸಿಯೊ ಕೆರೆವಾಲು ಎಂಬವನು ಉಪ್ಪುಗಟ್ಟಿದ ಬೂಟಿನಲ್ಲೇ ಕಚೇರಿಗೆ ನುಗ್ಗಿದ.

"ಇಂಜಿನಿಯರಮ್ಮ, ಕಡಲಲ್ಲಿ ಮೀನೇ ಇಲ್ಲ!"

"ಎಷ್ಟು ಬಲೆ ಎಳೆದ್ರಿ?"

"ಮೂವತ್ತು."

"ಮೂವತ್ತು ಬಲೆ ಅಂದ್ರೆ ನಿಮ್ಮ ದೋಷ ಕಮ್ಮಿ ಅಂದ್ರೂ ಶೇಕಡ ಹದಿನಾಲ್ಕು. ನಮ್ಮದು ಸೊನ್ನೆ. ನೀವೇ ಹೇಳಿ, ಯಾರ ಮಾತು ನಂಬಲಿ?"

ಫಿದೆನ್ಸಿಯೊ ಬೆರಳು ಮಡಿಚಿ ಲೆಕ್ಕ ಹಾಕಿದ. ಎಲ್ಲಿಯೂ ತಪ್ಪು ಕಾಣಲಿಲ್ಲ. ಟೋಪಿ ತೆಗೆದು ಕ್ಷಮೆ ಕೇಳಿದ. ಬಲೆಯಲ್ಲಿ ಮೀನು ತುಂಬಿತ್ತೆಂದು ಬರೆದುಕೊಟ್ಟು, ಖಾಲಿ ದೋಣಿಯತ್ತ ನಡೆದ.